ಲೈಲ್ ಕಣಿವೆಯಲ್ಲಿ ಅರ್ಧ ಕೇಜಿ ಹೊದಿಕೆ

ಟ್ರಿಪ್ಪಿಗೆ ಎರಡು ವಾರ ಮುಂಚಿನಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ನನ್ನ ವಶದಲ್ಲೇ ಇತ್ತು. ಚಮಚ ತೂಗಿದೆ. ಸಾಕ್ಸ್ ತೂಗಿದೆ. ಟೂತ್‌ಬ್ರಷ್ಷಿನ ಹಿಡಿ ಅರ್ಧ ಕತ್ತರಿಸಿ ಮತ್ತೆ ತೂಗಿದೆ. ನಾಲ್ಕು ಗ್ರಾಂ ಉಳಿಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಅದರ ಬದ್ಲಿ ಹೊಟ್ಟಿ ಎರಡು ಕೇಜಿ ಇಳಸ್ರಲ್ಲ" ಅಂದಳು. ಮಾತು ಸರಿಯೇ ಇತ್ತು, ಆದರೆ ಎರಡು ವಾರದಲ್ಲಿ ಆಗುವ ಕೆಲಸವಲ್ಲ.

ನಾವು ಹೊರಟಿದ್ದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಲೈಲ್ ಕಣಿವೆಗೆ. ಆಗಸ್ಟ್ ಕೊನೆ, ಎರಡು ರಾತ್ರಿ. ನಾನು ಮತ್ತು ಭಾವ, ಅಂದರೆ ಹೆಂಡತಿಯ ಅಣ್ಣ. ಭಾವ ಹುಬ್ಬಳ್ಳಿಯಿಂದ ತಂಗಿಯ ಮನೆಗೆ ಬಂದಿದ್ದರು. ಅವರಿಗೆ ಸ್ನೇಹಿತನೊಬ್ಬನಿಂದ ಹಳೇ ಸ್ಲೀಪಿಂಗ್ ಬ್ಯಾಗ್ ಇಸಿದುಕೊಟ್ಟಿದ್ದೆ. ಅದು ಒಂದು ಮುಕ್ಕಾಲು ಕೇಜಿ, ದಿಂಬಿನ ಗಾತ್ರದ ಮೂಟೆ. ನನ್ನದು ಹೊಸ ಸಮ್ಮರ್ ಕ್ವಿಲ್ಟ್. 440 ಗ್ರಾಂ. ಹಿಂಡಿದರೆ ಒಂದು ತೆಂಗಿನಕಾಯಿಯಷ್ಟು.

ಕ್ವಿಲ್ಟ್ ಅಂದರೆ ಬೆನ್ನಿಲ್ಲದ ಸ್ಲೀಪಿಂಗ್ ಬ್ಯಾಗ್ ಅನ್ನಿ. ಪಾದದ ಹತ್ತಿರ ಚೀಲದ ಹಾಗೆ ಮುಚ್ಚಿರುತ್ತದೆ, ಮೇಲೆ ರಗ್ಗಿನ ಹಾಗೆ ಬಿಚ್ಚಿರುತ್ತದೆ. ಒಳಗೆ ಹೆಬ್ಬಾತಿನ ಮೆತ್ತನೆ ಪುಕ್ಕ. ಪುಕ್ಕ ಬೆಚ್ಚಗಿಡುವುದು ಅದು ಉಬ್ಬಿಕೊಂಡು ಗಾಳಿ ಹಿಡಿದಿಟ್ಟಾಗ ಮಾತ್ರ. ಮೈಭಾರ ಬಿದ್ದರೆ ಬೆನ್ನ ಕೆಳಗಿನ ಪುಕ್ಕ ಅಪ್ಪಚ್ಚಿ ಆಗಿ ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ಅದನ್ನು ಯಾಕೆ ಹೊರಬೇಕು, ಕೆಳಗೆ ಹೇಗಿದ್ದರೂ ಚಾಪೆ ಇರುತ್ತಲ್ಲ ಅಂತ ಕತ್ತರಿಸಿ ಹಾಕಿದ್ದಾರೆ. ಸಾವಿರಾರು ಕಿಲೋಮೀಟರ್ ನಡೆಯುವವರಿಗೆ ಇದು ವರದಾನ. ನನಗೂ ಲೆಕ್ಕ ಬಹಳ ಹಿಡಿಸಿತ್ತು. ಆ ಚಾಪೆ ಎಷ್ಟು ಮುಖ್ಯ ಅನ್ನೋದನ್ನು ಮಾತ್ರ ಗಮನವಿಟ್ಟು ಓದಿರಲಿಲ್ಲ. ತೂಕ ಉಳಿಸಲು ಮೊಣಕಾಲವರೆಗಷ್ಟೇ ಬರುವ ಗಿಡ್ಡ ಫೋಮ್ ಚಾಪೆ ತಂದಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದವನೇ ನಾನು!

ಟುವಾಲಮಿ ಮೆಡೋಸ್‌ನಲ್ಲಿ ಪರ್ಮಿಟ್ ತೋರಿಸಿ, ಕಾರು ಬಿಟ್ಟು ನಡೆಯತೊಡಗಿದೆವು. ಅದೇ ಸುಮಾರು 2,600 ಮೀಟರ್ ಎತ್ತರದ ಜಾಗ. ಮೊದಲ ನಾಲ್ಕು ಮೈಲಿ ದಾಟುವವರೆಗೆ ಟೆಂಟ್ ಹಾಕುವಂತಿಲ್ಲ. ಊಟ, ತಿಂಡಿ, ಟೂತ್‌ಪೇಸ್ಟ್ ಎಲ್ಲವನ್ನೂ ಕರಡಿ ತೆಗೆಯಲಾಗದ ಗಟ್ಟಿ ಡಬ್ಬಿಯಲ್ಲಿ ಹಾಕಿ, ರಾತ್ರಿ ಟೆಂಟಿನಿಂದ ದೂರ ಇಡಬೇಕು. ತಂಗಿ ಕಟ್ಟಿಕೊಟ್ಟ ಶೇಂಗಾ ಉಂಡಿ ಆ ಡಬ್ಬಿಗೆ ಹೋದಾಗ ಭಾವ, "ಇದು ಕರಡಿಗೆ ಮೀಸಲೇನ್ರಿ?" ಅಂತ ಕೇಳಿದರು.

ಲೈಲ್ ಕಣಿವೆ ನಡೆಯುವವರಿಗೆ ಪುಕ್ಕಟೆ ಸಿಕ್ಕ ಸುಖ. ಸುಮಾರು 13 ಕಿಲೋಮೀಟರ್ ಹೆಚ್ಚುಕಡಿಮೆ ಸಪಾಟು ದಾರಿ. ಪಕ್ಕದಲ್ಲೇ ಟುವಾಲಮಿ ನದಿಯ ಲೈಲ್ ಕವಲು, ತಳದ ಕಲ್ಲು ಎಣಿಸುವಷ್ಟು ತಿಳಿ. ಎರಡೂ ಕಡೆ ಬಿಳಿ ಗ್ರಾನೈಟ್ ಗೋಡೆ, ನಡುವೆ ಹುಲ್ಲು. ಸಂಜೆ ಐದಕ್ಕೆ ಹುಲ್ಲುಗಾವಲಿನ ಅಂಚಿನಲ್ಲಿ, ನೀರಿನಿಂದ ನಿಯಮದ ನೂರು ಅಡಿ ದೂರ ಅಳೆದು, ಮರಳಿನ ಜಾಗ ನೋಡಿ ಟೆಂಟ್ ಹಾಕಿದೆವು. ಎಂಥ ನೋಟ! ಫೋಟೊ ತೆಗೆದಿದ್ದೇ ತೆಗೆದಿದ್ದು.

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಕಾಲ ಬೆರಳು ಇವೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಮಗ್ಗುಲು ಬದಲಿಸಿದರೆ ಕ್ವಿಲ್ಟಿನ ಅಂಚು ಎದ್ದು, ಸೊಂಟದ ಹತ್ತಿರ ತಣ್ಣನೆ ಗಾಳಿ ಯಾರೋ ಸಣ್ಣ ಪೈಪಿನಲ್ಲಿ ಊದಿದಂತೆ ಒಳಗೆ ಬಂತು. ಆ ಅಂಚನ್ನು ಎಳೆದು ಸಿಕ್ಕಿಸಿದರೆ ಈ ಕಡೆ ಬಿಚ್ಚಿಕೊಳ್ಳುತ್ತದೆ. ತಲೆ ಒಳಗೆಳೆದುಕೊಂಡು ಉಸಿರು ಬಿಟ್ಟೆ. ಐದು ನಿಮಿಷ ಹಾಯೆನಿಸಿತು, ಆಮೇಲೆ ಉಸಿರಿನ ತೇವಕ್ಕೆ ಗಂಟಲ ಹತ್ತಿರದ ಬಟ್ಟೆ ಒದ್ದೆ. ಪುಕ್ಕ ಒದ್ದೆಯಾದರೆ ಮುದ್ದೆಯಾಗುತ್ತದೆ, ಮುದ್ದೆಯಾದರೆ ಮುಗಿಯಿತು. ಟಾರ್ಚ್ ಹಚ್ಚಿ ನೋಡಿದರೆ ಬ್ಯಾಗಿಗೆ ಕಟ್ಟಿದ್ದ ಪುಟ್ಟ ಥರ್ಮಾಮೀಟರ್ 1 ಡಿಗ್ರಿ ತೋರಿಸುತ್ತಿತ್ತು. ಕ್ವಿಲ್ಟಿನ ಚೀಟಿಯಲ್ಲಿದ್ದದ್ದು 4, ಅಂದರೆ ಅಷ್ಟು ಥಂಡಿಯವರೆಗೆ ಮಾತ್ರ ನಡೆಯುತ್ತದೆ ಅಂತ. ಪಕ್ಕದಲ್ಲಿ ಭಾವನ ಗೊರಕೆ.

ಆ 4 ಡಿಗ್ರಿಯ ಕಥೆಯೂ ಕೇಳಿ. ಸ್ಲೀಪಿಂಗ್ ಬ್ಯಾಗುಗಳಿಗೆ ಐಎಸ್‌ಒ 23537 ಅಂತ ಒಂದು ಪರೀಕ್ಷೆ ಇದೆ. ಬಿಸಿ ಮಾಡಿದ ಬೊಂಬೆಯನ್ನು ಒಳಗೆ ಮಲಗಿಸಿ ಅಳೆಯುತ್ತಾರೆ. ಬೆನ್ನಿಲ್ಲದ ಕ್ವಿಲ್ಟಿಗೆ ಸಾಮಾನ್ಯವಾಗಿ ತಯಾರಿಸಿದವರೇ ಅಂದಾಜಿನಲ್ಲಿ ಸಂಖ್ಯೆ ಬರೆಯುತ್ತಾರೆ. ಅದೂ ಒಳ್ಳೇ ಚಾಪೆ, ಟೋಪಿ, ಬೆಚ್ಚನೆ ಬಟ್ಟೆ ಇದ್ದರೆ. ನನ್ನ ಬಳಿ ಮೂರೂ ಅರೆಬರೆ.

ನಿದ್ದೆ ಬರದೆ ಅಜ್ಜಿಯ ಕೌದಿ ನೆನಪಾಯಿತು. ಹಾವೇರಿ ಕಡೆಯ ನಮ್ಮೂರಿನಲ್ಲಿ ಬೇಸಿಗೆಯಿಡೀ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಅಜ್ಜಿ ದಪ್ಪನೆ ಕೌದಿಯನ್ನು ಕೆಳಗೆ ಹಾಸಿ, ತೆಳ್ಳಗಿನದನ್ನು ಹೊದೆಯಲು ಕೊಡುತ್ತಿದ್ದಳು. ದಪ್ಪನೆಯದು ಹೊದೆಯಲು ಬೇಕು ಅಂತ ನಾವು ಹಠ ಮಾಡಿದರೆ, "ಮ್ಯಾಲಿನ ಥಂಡಿ ಬ್ಯಾರೆ, ಕೆಳಗಿನ ಥಂಡಿ ಬ್ಯಾರೆ. ನೆಲ ಮೈಬಿಸಿ ಕುಡಿತೈತಿ" ಅನ್ನುತ್ತಿದ್ದಳು. ಚಾಪೆಗಳ ಮೇಲೆ ಈಗ ಆರ್-ವ್ಯಾಲ್ಯೂ ಅಂತ ಬರೆದಿರುತ್ತಾರಲ್ಲ, ಶಾಖವನ್ನು ನೆಲಕ್ಕೆ ಬಿಡದೆ ತಡೆಯುವ ಶಕ್ತಿ, ಅದು ಇದೇ. ನನ್ನ ಚಾಪೆಯದು 2ರ ಆಸುಪಾಸು. ಬೇಸಿಗೆಗೆ ನಡೆಯುತ್ತದೆ. ಆದರೆ ಮೊಣಕಾಲಿನಿಂದ ಕೆಳಗೆ ಅದು ಪೂರಾ ಸೊನ್ನೆ.

ಬೆಳಿಗ್ಗೆ ಎದ್ದಾಗ ಟೆಂಟಿನ ಮೇಲೆ ತೆಳ್ಳಗೆ ಮಂಜು ಗಟ್ಟಿತ್ತು. ಹುಲ್ಲೆಲ್ಲ ಉಪ್ಪು ಚಿಮುಕಿಸಿದ ಹಾಗೆ ಬೆಳ್ಳಗೆ. ಐವತ್ತು ಹೆಜ್ಜೆ ಮೇಲೆ ಮರಗಳ ಕೆಳಗೆ ನೋಡಿದರೆ ಒಣ ನೆಲ! ಅಲ್ಲಿ ಮಂಜೂ ಇಲ್ಲ, ಪಸೆಯೂ ಇಲ್ಲ. ತಣ್ಣನೆ ಗಾಳಿಗೆ ತೂಕ ಜಾಸ್ತಿ. ರಾತ್ರಿ ಅದು ಇಳಿಜಾರಿನಲ್ಲಿ ನೀರಿನಂತೆ ಹರಿದು ಬಂದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಜೊತೆಗೆ ಬಯಲಿನ ನೆಲ ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಡುತ್ತದೆ, ಮರದಡಿ ಕೊಂಬೆಗಳು ಸ್ವಲ್ಪ ತಡೆಯುತ್ತವೆ. ಫೋಟೊಕ್ಕೆ ಚಂದ ಅಂತ ನಾನು ಆರಿಸಿದ್ದು ಇಡೀ ಕಣಿವೆಯ ಥಂಡಿ ಬಂದು ಸೇರುವ ಹೊಂಡ.

"ನಿದ್ದಿ ಹತ್ತಿತೇನ್ರಿ?" ಅಂತ ಭಾವ ಕೇಳಿದರು. ಸುಮ್ನೆ ಚಹಾ ಮಾಡಿದೆ.

ಎರಡನೇ ದಿನ ಕಣಿವೆಯ ತುದಿಯಿಂದ ಏರು ಹತ್ತಿ, ಸುಮಾರು 2,950 ಮೀಟರಿನಲ್ಲಿ ಸೇತುವೆಯ ಹತ್ತಿರ ಸಾಮಾನು ಇಳಿಸಿದೆವು. ಮಧ್ಯಾಹ್ನ ಖಾಲಿ ಕೈಯಲ್ಲಿ 3,373 ಮೀಟರಿನ ಡೊನಹ್ಯೂ ಪಾಸ್‌ವರೆಗೆ ಹೋಗಿಬಂದೆವು. ದಾರಿಯಲ್ಲಿ ಲೈಲ್ ಹಿಮನದಿ ಕಾಣುತ್ತದೆ. ಹೆಸರಿಗಷ್ಟೇ ನದಿ. ಅದು ಹರಿಯುವುದನ್ನು ನಿಲ್ಲಿಸಿದೆ ಅಂತ 2013ರಲ್ಲೇ ಪಾರ್ಕಿನವರು ಹೇಳಿದ್ದಾರೆ. ಬಂಡೆಯ ಮಡಿಲಲ್ಲಿ ಮಾಸಿದ ಪಂಚೆಯ ತುಂಡಿನಂತೆ ಬಿದ್ದಿದೆ. ಅಷ್ಟು ದೂರ ಹೋದದ್ದಕ್ಕೆ ಸ್ವಲ್ಪ ಬೇಜಾರೇ ಆಯಿತು.

ಸಂಜೆ ಟೆಂಟ್ ಹಾಕುವಾಗ ನಾನು ನೋಟ ನೋಡಲಿಲ್ಲ, ನೆಲ ನೋಡಿದೆ. ತಳದಿಂದ ಸ್ವಲ್ಪ ಮೇಲೆ, ಪೈನ್ ಮರಗಳ ನಡುವೆ. ಖಾಲಿ ಬ್ಯಾಕ್‌ಪ್ಯಾಕನ್ನು ಚಪ್ಪಟೆ ಮಾಡಿ ಕಾಲ ಕೆಳಗೆ ಹಾಸಿದೆ. ಕ್ವಿಲ್ಟಿನ ಜೊತೆ ಎರಡು ಎಲಾಸ್ಟಿಕ್ ಪಟ್ಟಿ ಕೊಟ್ಟಿದ್ದರು. ಮೊದಲ ರಾತ್ರಿ ಯಾಕೆ ಬೇಕು ಅಂತ ಬಿಚ್ಚಿರಲೇ ಇಲ್ಲ. ಚಾಪೆಯ ಸುತ್ತ ಪಟ್ಟಿ ಕಟ್ಟಿ ಕ್ವಿಲ್ಟಿನ ಅಂಚುಗಳನ್ನು ಅದಕ್ಕೆ ಸಿಕ್ಕಿಸಿದರೆ ಮಗ್ಗುಲು ಹೊರಳಿದರೂ ಗಾಳಿ ನುಗ್ಗುವುದಿಲ್ಲ. ಕ್ವಿಲ್ಟಿಗೆ ತಲೆಯ ಭಾಗ ಇರುವುದಿಲ್ಲ. ಅದಕ್ಕೆ ಭಾವ ತಮ್ಮ ಕಂದು ಮಂಕಿ ಕ್ಯಾಪ್ ತೆಗೆದುಕೊಟ್ಟರು. ಆಗಸ್ಟಿನಲ್ಲಿ ಮಂಕಿ ಕ್ಯಾಪ್ ತಂದಿದ್ದಕ್ಕೆ ನಾನೇ ಮನೆಯಲ್ಲಿ ನಕ್ಕಿದ್ದೆ. ಉಪ್ಪಿಟ್ಟಿಗೆ ತುಪ್ಪ ಜಾಸ್ತಿ ಹಾಕಿ ತಿಂದು, ಮೇಲೆ ಎರಡು ಉಂಡಿ ತಿಂದು, ಆಮೇಲೆಯೇ ಕರಡಿ ಡಬ್ಬಿ ಮುಚ್ಚಿದೆ. ಕ್ವಿಲ್ಟ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ನಮ್ಮದನ್ನೇ ಕಾಯುತ್ತದೆ ಅಷ್ಟೇ. ಹಸಿದ ಹೊಟ್ಟೆಯಲ್ಲಿ ಏನು ಕಾಯುತ್ತದೆ ಪಾಪ. ಕೊನೆಗೆ ನೀರು ಕುದಿಸಿ, ಸೋರದ ಗಟ್ಟಿ ಬಾಟಲಿಗೆ ತುಂಬಿ, ಸಾಕ್ಸಿನೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಂಡೆ.

ಹಿಂದಿನ ರಾತ್ರಿಗಿಂತ ಇನ್ನೂರೈವತ್ತು ಮೀಟರಿಗೂ ಹೆಚ್ಚು ಮೇಲಿದ್ದೆವು. ಆದರೂ ಬೆಳಗಿನ ಜಾವ ಥರ್ಮಾಮೀಟರ್ 5 ತೋರಿಸಿತು. ಅದನ್ನು ನೋಡಿದ್ದು ಭಾವ. ಅವರು ಎಬ್ಬಿಸುವವರೆಗೂ ನಾನು ಎದ್ದಿರಲಿಲ್ಲ. "ಗೊರಕಿ ನಿಮ್ದ ಜೋರು" ಅಂದರು.

ಮನೆಗೆ ಬಂದ ಮೇಲೆ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದೆ. ಮಗಳು ಹುಟ್ಟಿದಾಗ ಅಮ್ಮ ಊರಿನಿಂದ ಹೊತ್ತು ತಂದ ಅಜ್ಜಿಯ ಕೌದಿ ಅದರಲ್ಲಿದೆ. ಹಳೇ ಸೀರೆಗಳು ಪದರ ಪದರವಾಗಿ, ಮೇಲೆ ಸಾಲುಸಾಲು ಹೊಲಿಗೆ. ಒಂದು ಮೂಲೆಯಲ್ಲಿ ಇಳಕಲ್ ಸೀರೆಯ ಸೆರಗಿನ ಕೆಂಪು ಇನ್ನೂ ಹಾಗೇ ಇದೆ. ಎಷ್ಟು ತೂಗುತ್ತದೆ ನೋಡೋಣ ಅಂತ ನಾಲ್ಕಾಗಿ ಮಡಚಿ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಅದು ನಾಲ್ಕೂ ಕಡೆಯಿಂದ ಇಳಿಬಿದ್ದು ತಕ್ಕಡಿಯನ್ನೇ ಮುಚ್ಚಿಬಿಟ್ಟಿತು. ಬಗ್ಗಿ ನೋಡಿದೆ, ಅಂಚು ಎತ್ತಿ ನೋಡಿದೆ. ಅಂಕಿ ಕಾಣಲಿಲ್ಲ.