ಕಾರವಾರದ ಉಪ್ಪು, ಕಲಬುರಗಿಯ ಮಿರಗ: ಕಯಾಕ್ ಮೀನುಬೇಟೆಯ ಎಲೆಕ್ಟ್ರಾನಿಕ್ಸ್ ಉಳಿಸಿಕೊಳ್ಳುವುದು

ಕಲಬುರಗಿಯಿಂದ ವಿಜಯಪುರ, ಹುಬ್ಬಳ್ಳಿ ಹಾದು ಕಾರವಾರಕ್ಕೆ 500 ಕಿಲೋಮೀಟರಿನ ಆಸುಪಾಸು ದಾರಿ. ಕಡಲಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ) ಇಳಿಸಿ ಮೀನು ಹಿಡಿದು ಬರುವ ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು ಈ ದೂರದಲ್ಲೇ ಇದೆ. ಫಿಶ್ ಫೈಂಡರ್ (ನೀರಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಸಾಧನ), ಬ್ಯಾಟರಿ, ಜಿಪಿಎಸ್ ಎಲ್ಲವನ್ನೂ ಚೀಲಕ್ಕೆ ತುಂಬಿ, ಮನೆಗೆ ಹೋಗಿ ತೊಳೆದರಾಯಿತು ಎಂದುಕೊಳ್ಳುತ್ತಾರೆ. ಹತ್ತು ತಾಸಿಗೂ ಮೀರಿದ ಪ್ರಯಾಣ, ಮೇಲೆ ಒಂದು ನಿದ್ದೆ. ಅಷ್ಟರಲ್ಲಿ ನೀರು ಆರಿ, ಉಪ್ಪು ಪ್ಲಗ್ಗಿನ ಸಂದುಗಳಲ್ಲಿ ಹರಳುಗಟ್ಟಿ ಕೂತಿರುತ್ತದೆ. ಮರುದಿನ ಸ್ವಿಚ್ ಹಾಕಿದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಕೈಕೊಡುವುದು ಮಿರಗದ, ಅಂದರೆ ಜೂನ್ ತಿಂಗಳ ಮೃಗಶಿರಾ ಮಳೆ ಬಿದ್ದ ಮೇಲೆ.

ಕಾರಣ ಸರಳ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪ್ಲಗ್ಗಿನೊಳಗೆ ಒಂದು ಮಿಲಿಲೀಟರ್ ಆರಿದರೂ 35 ಮಿಲಿಗ್ರಾಂ ಉಳಿಯಿತು. ಅದರಲ್ಲಿ ಹೆಚ್ಚಿನ ಪಾಲು ಅಡುಗೆ ಉಪ್ಪು. ಗಾಳಿಯ ತೇವಾಂಶ ಶೇ 75 ಮುಟ್ಟಿದರೆ ಅದು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಶೇ 33ರಷ್ಟು ತೇವಾಂಶವೇ ಸಾಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿರುಬಿಸಿಲಿನಲ್ಲಿ ಆ ಉಪ್ಪು ಬಿಳಿ ಪುಡಿಯಾಗಿ ಸುಮ್ಮನಿರುತ್ತದೆ. ಜೂನ್ ಕಳೆದು ಗಾಳಿ ತಂಪಾದಾಗ ಅದೇ ಪುಡಿ ಮತ್ತೆ ರಸವಾಗಿ ತಾಮ್ರವನ್ನು ತಿನ್ನತೊಡಗುತ್ತದೆ. ಕಡಲು ಕೆರಳಿರುವ ಮಳೆಗಾಲದಲ್ಲಿ ನಾವು ಸಾಮಾನು ಅಟ್ಟಕ್ಕೆ ಹಾಕಿ ಮರೆತಿರುತ್ತೇವೆ. ಉಪ್ಪಿಗೆ ಪೂರ್ತಿ ನಾಲ್ಕು ತಿಂಗಳ ಬಿಡುವು ಸಿಗುತ್ತದೆ.

ಬರೀ ಜಂಗು ಹಿಡಿಯುವುದಾದರೆ ನಿಧಾನದ ಕೆಲಸ. ಅದಕ್ಕೆ ಬ್ಯಾಟರಿಯ ಕರೆಂಟ್ ಸೇರಿದಾಗ ವೇಗ ಬೇರೆಯೇ. 12 ವೋಲ್ಟಿನ ಪ್ಲಸ್, ಮೈನಸ್ ಪಿನ್ನುಗಳ ನಡುವೆ ಉಪ್ಪುನೀರಿನ ತೆಳು ಪೊರೆಯೊಂದಿದ್ದರೆ ಸಾಕು, ಫಿಶ್ ಫೈಂಡರ್ ಆಫ್ ಇದ್ದರೂ ಆ ಪೊರೆಯ ಮೂಲಕ ಕರೆಂಟ್ ಹರಿಯುತ್ತಲೇ ಇರುತ್ತದೆ. ಪ್ಲಸ್ ಪಿನ್ನಿನ ತಾಮ್ರ ಕರಗಿ ಹಸಿರು ಕಿಲುಬಾಗುತ್ತದೆ. ಕೆಟ್ಟ ಪ್ಲಗ್ ಬಿಚ್ಚಿ ನೋಡಿ: ಪ್ಲಸ್ ಪಿನ್ ಸವೆದು ಸೂಜಿಯಾಗಿರುತ್ತದೆ, ಪಕ್ಕದ ಮೈನಸ್ ಪಿನ್ ಹೆಚ್ಚೂಕಡಿಮೆ ನೆಟ್ಟಗಿರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಬದಲಾವಣೆ ಸ್ವಿಚ್ಚಿನದು. ಅದು ಇರಬೇಕಾದದ್ದು ಬ್ಯಾಟರಿ ಡಬ್ಬಿಯ ಒಳಗೆ, ಪ್ಲಸ್ ತಂತಿಯ ಮೇಲೆ; ಅದರ ಪಕ್ಕದಲ್ಲೇ, ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಫ್ಯೂಸು. 5 ಇಂಚಿನ ಫಿಶ್ ಫೈಂಡರಿಗೆ ಸಾಮಾನ್ಯವಾಗಿ 3 ಆಂಪಿಯರ್ ಫ್ಯೂಸ್ ಸಾಕು, ಕೈಪಿಡಿಯಲ್ಲಿ ನಮೂದಿಸಿದ್ದನ್ನು ನೋಡಿ ಹಾಕಿ. ನೀರಿನಿಂದ ದಡಕ್ಕೆ ಬಂದ ಕೂಡಲೇ ಈ ಸ್ವಿಚ್ ಆಫ್. ಬೇರೆ ಯಾವ ಕೆಲಸವೂ ಇದಕ್ಕಿಂತ ಮೊದಲಲ್ಲ.

ಬೀದರಿನ ಬಿದ್ರಿ ಕೆಲಸ ಕಂಡವರಿಗೆ ಕ್ಲೋರೈಡಿನ ಗುಣ ಹೇಳಿಕೊಡಬೇಕಿಲ್ಲ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಆ ಮಿಶ್ರಲೋಹಕ್ಕೆ ಕೋಟೆಯ ಮಣ್ಣಿನೊಂದಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಎರಡು ಲೋಹ ಒಟ್ಟಿಗಿದ್ದಾಗ ಏಟು ಬೀಳುವುದು ಒಂದಕ್ಕೇ ಎನ್ನುವುದು ಕಯಾಕಿನ ಮೇಲೂ ನಿಜ. ಅಲ್ಯೂಮಿನಿಯಂ ಬ್ರ್ಯಾಕೆಟ್ಟಿಗೆ ಸ್ಟೀಲಿನ ಸ್ಕ್ರೂ ಹಾಕಿ ಉಪ್ಪುನೀರು ಕುಡಿಸಿದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಸ್ಕ್ರೂ 316 ಸ್ಟೀಲಿನದಿರಲಿ (ಉಪ್ಪುನೀರು ತಾಳುವ ಸ್ಟೇನ್‌ಲೆಸ್ ದರ್ಜೆ), ನಡುವೆ ನೈಲಾನ್ ವಾಷರ್ ಇರಲಿ, ಎಳೆಗಳಿಗೆ ಮರೀನ್ ಗ್ರೀಸ್ ಹಚ್ಚಿ.

ತಂತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಾಳಾಗುವುದು ಸಾಧನಕ್ಕಿಂತ ಹೆಚ್ಚಾಗಿ ತಂತಿಯ ಜೋಡಣೆ. ಬಜಾರಿನಲ್ಲಿ ಮನೆ ವೈರಿಂಗಿಗೆ ಸಿಗುವ ಮಲ್ಟಿ ಸ್ಟ್ರ್ಯಾಂಡ್ ತಂತಿಯಲ್ಲಿ ಬರೀ ತಾಮ್ರ. ಕತ್ತರಿಸಿದ ತುದಿಯಿಂದ ಉಪ್ಪುನೀರು ಎಳೆಗಳ ನಡುವೆ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ, ಒಳಕ್ಕೆ ಏರುತ್ತದೆ. ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತಿದ್ದರೂ ಸುಲಿದರೆ ಗೇಣುದ್ದ ಕಪ್ಪು ತಾಮ್ರ. ಬೇಕಾದದ್ದು ಟಿನ್ನ್ಡ್ ಮರೀನ್ ವೈರ್. ತಾಮ್ರದ ಪಾತ್ರೆಗೆ ಕಲಾಯಿ ಮಾಡಿದಂತೆ ಒಂದೊಂದು ಎಳೆಗೂ ತವರದ ಲೇಪ ಇರುವ ತಂತಿ. 2 ಮೀಟರ್ ಒಳಗಿನ ಓಟಕ್ಕೆ 1 ಚದರ ಮಿಲಿಮೀಟರ್ ದಪ್ಪ ಸಾಕು. ತುದಿಗೆ ತವರ ಲೇಪದ ಲಗ್ (ತಂತಿಯ ತುದಿಗೆ ತೊಡಿಸುವ ಲೋಹದ ಕೊಂಡಿ) ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿ. ಅದರ ಮೇಲೆ, ಒಳಬದಿಗೆ ಅಂಟು ಇರುವ 3:1 ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಮೂರನೇ ಒಂದಕ್ಕೆ ಕುಗ್ಗುವ ಕೊಳವೆ) ತೊಡಿಸಿ, ಎರಡೂ ತುದಿಯಲ್ಲಿ ಅಂಟು ಉಕ್ಕಿ ಕಾಣುವವರೆಗೆ ಬಿಸಿ ಮಾಡಿ. ಅಂಟಿಲ್ಲದ ಸಾದಾ ಸ್ಲೀವ್ ನೀರನ್ನು ತಡೆಯುವುದಿಲ್ಲ, ಒಳಗೆ ಹಿಡಿದಿಡುತ್ತದೆ. ಬೆಸುಗೆಯೇ ಹಾಕುವುದಾದರೆ ರೋಸಿನ್ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ರಾಳ) ಮಾತ್ರ. ಕಲಾಯಿಯವರು ಬಳಸುವ ನವಸಾಗರ, ಡಬ್ಬಿ ಬೆಸೆಯುವವರ ಆಸಿಡ್ ಇವೆರಡೂ ಕ್ಲೋರೈಡುಗಳೇ. ಕಡಲು ಮಾಡಬೇಕಾದ ಕೆಲಸವನ್ನು ಮನೆಯಲ್ಲೇ ಶುರುಮಾಡಿಕೊಟ್ಟಂತಾಗುತ್ತದೆ. ತಂತಿ ಹೊರಬರುವ ತೂತು ಮುಚ್ಚಲು ತರುವ ಸಿಲಿಕೋನ್ ಸೀಲಂಟನ್ನು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಅದು ಆರುವಾಗ ಅಸಿಟಿಕ್ ಆಮ್ಲ ಬಿಡುವ ಬಗೆಯದು, ಮುಚ್ಚಿದ ಡಬ್ಬಿಯಲ್ಲಿ ತಾಮ್ರಕ್ಕೆ ಕಿಲುಬು ತರಿಸುತ್ತದೆ. ನ್ಯೂಟ್ರಲ್ ಕ್ಯೂರ್ ಎಂದಿರುವುದನ್ನೇ ಕೊಳ್ಳಿ.

ಪ್ಲಗ್ಗುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್. ಒಂದು ಪ್ಲಗ್ಗಿಗೆ ತೊಗರಿ ಕಾಳಿನಷ್ಟು ಸಾಕು. ಇದು ಕರೆಂಟ್ ಹರಿಸುವುದಿಲ್ಲ. ಪಿನ್ನುಗಳು ಒಂದಕ್ಕೊಂದು ಒತ್ತಿದ ಜಾಗದಿಂದ ಪಕ್ಕಕ್ಕೆ ಸರಿದು ಸುತ್ತಲಿನ ಖಾಲಿ ಜಾಗ ತುಂಬುತ್ತದೆ, ನೀರಿಗೆ ಸ್ಥಳ ಉಳಿಯುವುದಿಲ್ಲ. ಉಪ್ಪಿರುವ ಪ್ಲಗ್ಗಿಗೆ ಮಾತ್ರ ಎಂದೂ ಹಚ್ಚಬೇಡಿ, ಉಪ್ಪನ್ನು ಒಳಗೆ ಬೀಗ ಹಾಕಿದಂತೆ. ಡಬ್ಲ್ಯೂಡಿ-40 ನೀರು ಓಡಿಸಲು ಒಳ್ಳೆಯದು, ಆದರೆ ಅದು ಬಹುಪಾಲು ಆವಿಯಾಗಿ ಹೋಗುತ್ತದೆ. ತಿಂಗಳುಗಟ್ಟಲೆ ಕಾಯುವ ಕೆಲಸ ಅದರದಲ್ಲ.

ಸಾಧನದ ಮೇಲೆ ಐಪಿ67 ಎಂದು ಬರೆದಿದೆಯಲ್ಲ ಎಂದು ಕೇಳುವವರಿದ್ದಾರೆ. ಆ ಗುರುತಿನ ಅರ್ಥ ಇಷ್ಟೇ: 1 ಮೀಟರ್ ಸಿಹಿನೀರಿನಲ್ಲಿ 30 ನಿಮಿಷ ಇಟ್ಟರೆ ಹಾನಿಯಾಗುವಷ್ಟು ನೀರು ಒಳಗೆ ಹೋಗುವುದಿಲ್ಲ. ಉಪ್ಪು ಹೊರಗಿನ ಪಿನ್ನಿಗೆ ಏನು ಮಾಡುತ್ತದೆ ಎಂಬ ಪರೀಕ್ಷೆಯೇ ಅದರಲ್ಲಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಬಿಸಿಲಲ್ಲಿ 60 ಡಿಗ್ರಿಗೆ ಕಾದ ಡಬ್ಬಿಯನ್ನು 28 ಡಿಗ್ರಿಯ ಕಡಲಿಗೆ ಅದ್ದಿದರೆ ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಅದು ಸುಮಾರು 1 ಮೀಟರ್ ನೀರಿನ ಒತ್ತಡಕ್ಕೆ ಸಮ. ಅಂದರೆ ಅಂಗೈ ಆಳದ ನೀರಿನಲ್ಲೇ ಡಬ್ಬಿಯ ತಾಳಿಕೆ ಮುಗಿದುಹೋಗುತ್ತದೆ, ಸೀಲು ಸ್ವಲ್ಪ ಹಳತಾಗಿದ್ದರೆ ಒಳಕ್ಕೆ ಹೀರಿಕೊಳ್ಳುತ್ತದೆ. ನೀರಿಗಿಳಿಸುವ ಮುನ್ನ ಡಬ್ಬಿ, ಸ್ಕ್ರೀನು ಎಲ್ಲವೂ ಅರ್ಧ ತಾಸು ನೆರಳಲ್ಲಿರಲಿ.

ತೊಳೆಯುವುದು ಕಡಲ ದಂಡೆಯಲ್ಲೇ ಆಗಬೇಕು, ಗಾಡಿ ಹತ್ತುವ ಮುನ್ನ, ಉಪ್ಪು ಇನ್ನೂ ಹಸಿ ಇರುವಾಗ. ಇದಕ್ಕೆ ಮನೆಯಿಂದಲೇ 10 ಲೀಟರ್ ಸಿಹಿನೀರು ಮತ್ತು 2 ಲೀಟರಿನ ಕೈಪಂಪಿನ ಸ್ಪ್ರೇಯರ್ ಒಯ್ಯಿರಿ. ತೊಗರಿಗೆ ಔಷಧ ಹೊಡೆದ ಪಂಪು ಬೇಡವೇ ಬೇಡ, ಹೊಸದನ್ನು ಇದಕ್ಕೆಂದೇ ಇಡಿ. ಬ್ಯಾಟರಿ ಸ್ವಿಚ್ ಆಫ್ ಆದ ಮೇಲೆ, ಪ್ಲಗ್ಗುಗಳನ್ನು ಕೂಡಿಸಿದ ಹಾಗೆಯೇ ಬಿಟ್ಟು ಹೊರಗಿನಿಂದ ಮೆಲ್ಲಗೆ ತೊಳೆಯಬೇಕು. ಮೊದಲೇ ಬಿಚ್ಚಿದರೆ ಹೊರಗಿನ ಉಪ್ಪುನೀರು ಪಿನ್ನಿನ ಮೇಲೆ ಇಳಿಯುತ್ತದೆ. ಎಷ್ಟೋ ಪ್ಲಗ್ಗುಗಳು ಕೆಡುವುದು ಕಡಲಲ್ಲಲ್ಲ, ಈ ಗಳಿಗೆಯಲ್ಲಿ. ತೊಳೆದು, ಬಟ್ಟೆಯಿಂದ ಒರೆಸಿ, ಆಮೇಲೆ ಬಿಚ್ಚಿ, ಮುಚ್ಚಳ ಹಾಕಿ. ಟ್ರಾನ್ಸ್‌ಡ್ಯೂಸರಿಗೆ (ನೀರಲ್ಲಿ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ, ಫಿಶ್ ಫೈಂಡರಿನ ಭಾಗ) ಸಾಬೂನಿನ ನೀರು, ಮೆತ್ತನೆ ಬಟ್ಟೆ ಸಾಕು. ಅಸಿಟೋನ್, ಥಿನ್ನರ್ ಅದರ ಪ್ಲಾಸ್ಟಿಕ್ಕನ್ನು ಕೆಡಿಸುತ್ತವೆ. ಕಾರು ತೊಳೆಯುವ ಪ್ರೆಶರ್ ವಾಷರ್ ಹತ್ತಿರವೂ ತರಬೇಡಿ.

ಮನೆಗೆ ಬಂದ ಮೇಲೆ ಎರಡನೇ ತೊಳೆತ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಆರಿದರೆ ಬಿಳಿ ಪೊರೆ ಬಿಡುತ್ತದೆ ಎಂಬುದು ಬಕೆಟ್ಟಿನ ಅಂಚು ನೋಡಿದವರಿಗೆಲ್ಲ ಗೊತ್ತು. ಹಾಗಾಗಿ ಪಿನ್ನುಗಳಿಗೆ ಕೊನೆಯ ನೀರು ಡಿಸ್ಟಿಲ್ಡ್ ಇರಲಿ. ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಕ್ಯಾನ್ ಒಂದು ಇಡೀ ಹಂಗಾಮಿಗೆ ಬರುತ್ತದೆ. ನೆರಳಲ್ಲಿ ಫ್ಯಾನಿನಡಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ನಾರಾಯಣಪುರದ ಬಸವಸಾಗರದಲ್ಲೋ ಕಾರಂಜಾ ಹಿನ್ನೀರಿನಲ್ಲೋ ಬಳಸಿದ ದಿನ ಇಷ್ಟೆಲ್ಲ ಬೇಕಿಲ್ಲ, ಎರೆಮಣ್ಣು ತೆಗೆದು ಒರೆಸಿದರೆ ಸಾಕು.

ಮಳೆಗಾಲಕ್ಕೆ ಎತ್ತಿಡುವಾಗ ರಬ್ಬರ್ ಸೀಲಿನ ಡಬ್ಬಿ, ಅದರಲ್ಲಿ 50 ಗ್ರಾಂ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಹರಳು ಹಸಿರಾದರೆ 120 ಡಿಗ್ರಿಯಲ್ಲಿ 2 ತಾಸು ಬಿಸಿ ಮಾಡಿ ಮತ್ತೆ ಹಾಕಿ. ನೀಲಿ ಬಗೆಯಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಮನೆಗೆ ತರಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ತಂತಿ ಬಿಚ್ಚಿ ಇಡಿ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಬಿಡಲೇಬೇಡಿ. 45 ಡಿಗ್ರಿ ಮೀರಿದ ಬ್ಯಾಟರಿಗೆ ಚಾರ್ಜರ್ ಹಚ್ಚಬಾರದು.

ಉಪ್ಪುನೀರು ಸಾಧನದ ಒಳಗೇ ಹೊಕ್ಕರೆ ಆನ್ ಮಾಡಿ ನೋಡುವ ಆಸೆ ತಡೆಯಿರಿ. ಬ್ಯಾಟರಿ ತೆಗೆದು, ಆರಲು ಬಿಡದೆ, ತೆರೆದು ಸಿಹಿನೀರು, ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಲ್ಲುಜ್ಜುವ ಮೆತ್ತನೆ ಬ್ರಶ್. ಸ್ಕ್ರೀನಿಗೆ ಆಲ್ಕೋಹಾಲ್ ತಾಗದಿರಲಿ. ಒಂದು ಹಗಲು, ಒಂದು ರಾತ್ರಿ ಒಣಗಬೇಕು.

ಮುಂದಿನ ಪ್ರವಾಸಕ್ಕೆ ಮುನ್ನ, ಸೆಪ್ಟೆಂಬರ್ ಕೊನೆಗೆ, ಮಲ್ಟಿಮೀಟರ್ ತೆಗೆಯಿರಿ. ಫಿಶ್ ಫೈಂಡರ್ ಆನ್ ಇರುವಾಗ ಬ್ಯಾಟರಿಯ ಪ್ಲಸ್ ಕಂಬಕ್ಕೂ ಸಾಧನದ ತುದಿಯ ಪ್ಲಸ್ ತಂತಿಗೂ ನಡುವೆ ಎಷ್ಟು ವೋಲ್ಟ್ ಕಾಣುತ್ತದೆ ಎಂದು ಅಳೆಯಿರಿ, ಮೈನಸ್ಸಿಗೂ ಹಾಗೆಯೇ. 1 ಆಂಪಿಯರ್ ಹರಿಯುವಾಗ ಒಳ್ಳೆಯ ತಂತಿಯಲ್ಲಿ 0.1 ವೋಲ್ಟೂ ಬೀಳುವುದಿಲ್ಲ. 0.2 ದಾಟಿದರೆ ಒಂದೊಂದು ಜೋಡಣೆಯನ್ನೂ ಬೇರೆಬೇರೆಯಾಗಿ ಅಳೆದು ಕೆಟ್ಟದ್ದನ್ನು ಹುಡುಕಿ, ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ ಹೊಸ ಲಗ್ ಹಾಕಿ. ಇದಕ್ಕೆಂದೇ ಮೊದಲ ಸಲ ವೈರಿಂಗ್ ಮಾಡುವಾಗ ಎರಡೂ ತುದಿಯಲ್ಲಿ ಗೇಣುದ್ದ ತಂತಿ ಹೆಚ್ಚಿಗೆ ಬಿಟ್ಟಿರಬೇಕು.