ಎಲ್ಲಿಗೆ ಹಾಕೂಕೆ?

ಕುಮಟಾದ ನಮ್ಮ ಸ್ಕ್ರೂ ಕಾರ್ಖಾನೆಯ ಆಫೀಸು ಅಂದರೆ ಒಂದು ಟೇಬಲ್ಲು, ಎರಡು ಕುರ್ಚಿ, ಗೋಡೆ ಮೇಲೊಂದು ಗಣಪತಿ ಫೋಟೋ. ಫೋಟೋ ಕೆಳಗಿನ ಹಲಗೆಯಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಹೊಸಬರು ಅದರಲ್ಲಿ ಪೂಜೆ ಸಾಮಾನು ಇರಬೇಕು ಅಂದುಕೊಳ್ಳುತ್ತಾರೆ. ಇರುವುದು ಕೆಟ್ಟ ಸ್ಕ್ರೂಗಳು. ತಲೆ ಮುರಿದದ್ದು, ತುಕ್ಕು ತಿಂದದ್ದು, ಸೊಟ್ಟಗಾದದ್ದು. ಒಂದೊಂದಕ್ಕೂ ದಾರ ಸುತ್ತಿ ಚೀಟಿ ಕಟ್ಟಿದೆ. ಎಲ್ಲ ಗಿರಾಕಿಗಳು ವಾಪಸ್ ತಂದುಕೊಟ್ಟದ್ದು. ಅಜ್ಜ ಶುರು ಮಾಡಿದ, ಅಪ್ಪ ಮುಂದುವರಿಸಿದ, ನಾನು ಕೆಲವು ವರ್ಷ ಆ ಡಬ್ಬಿ ಮುಟ್ಟಲೇ ಇಲ್ಲ.

ಕುಮಟಾ ಒಂದು ಕಾಲದಲ್ಲಿ ಹತ್ತಿಯ ಬಂದರು. ಧಾರವಾಡ ಕಡೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಬಂದು ಇಲ್ಲಿ ಹಡಗು ಹತ್ತುತ್ತಿತ್ತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತುಹೋದಾಗ ಈ ಬಂದರಿಗೆ ಸುಗ್ಗಿ. ಗಾಡಿ ಬಂದಲ್ಲಿಗೆ ರಿಪೇರಿಯೂ ಬರುತ್ತದೆ, ಅಲ್ವಾ? ನಮ್ಮ ಹಿರಿಯರು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಕೊಂಡು ಇಲ್ಲೇ ನಿಂತವರು ಅಂತ ಮನೆಯಲ್ಲಿ ಹೇಳುತ್ತಾರೆ. ಹತ್ತಿ ಹೋಯಿತು, ಕುಲುಮೆ ಉಳಿಯಿತು.

ಅಜ್ಜ ಕುಲುಮೆ ಬಿಟ್ಟು ಲೇತಿಗೆ ಬಂದ. ಕಾಲಲ್ಲಿ ತುಳಿಯುವ ಲೇತು. ಹಿತ್ತಾಳೆ ಸರಳು ಸಿಕ್ಕಿಸಿ ಒಂದೊಂದೇ ಸ್ಕ್ರೂ ಕಡೆಯುತ್ತಿದ್ದ. ಅಂಗಡಿಯಲ್ಲಿ ಕಂಪನಿ ಸ್ಕ್ರೂ ಪೊಟ್ಟಣ ಸಿಗುತ್ತಿದ್ದ ಕಾಲದಲ್ಲಿ ಈ ಕಷ್ಟ ಯಾಕೆ ಅಂದರೆ, ಗುಡಿಗಾರರಿಗಾಗಿ. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಗುಡಿಗಾರರು ಗಂಧದ ಪೆಟ್ಟಿಗೆ ಕೆತ್ತುತ್ತಿದ್ದರಲ್ಲ, ಅದರ ಮುಚ್ಚಳದ ಕೀಲಿಗೆ ಅಕ್ಕಿಕಾಳಿನಷ್ಟು ಸ್ಕ್ರೂ ಬೇಕು. ಕಬ್ಬಿಣದ್ದು ಹಾಕಿದರೆ ಚೆಂದ ಹೋಯಿತು. ಹಿತ್ತಾಳೆಯದೇ ಆಗಬೇಕು. ಅಷ್ಟು ಸಣ್ಣದು ಪೊಟ್ಟಣದಲ್ಲಿ ಸಿಗುತ್ತಿರಲಿಲ್ಲ.

ಡಬ್ಬಿಯ ಮೊದಲ ಸ್ಕ್ರೂ ಗುಡಿಗಾರರದ್ದೇ. ಕುತ್ತಿಗೆಯಲ್ಲಿ ಮುರಿದಿದೆ. ಚೀಟಿಯಲ್ಲಿ ಅಜ್ಜನ ಮೋಡಿ ಅಕ್ಷರ: ‘ಗಂಧದ ಪೆಟ್ಟಿಗೆ. ತಿರುಗಿಸುವಾಗ ಮುರೀತು.’ ಗಂಧದ ಮರ ಗಟ್ಟಿ, ಹಿತ್ತಾಳೆ ಮೆದು. ಬಿಗಿ ಮಾಡುತ್ತ ಹೋದರೆ ತಲೆ ಕೈಗೆ ಬರುತ್ತದೆ, ಮೈ ಮರದಲ್ಲೇ ಉಳಿಯುತ್ತದೆ. ತಿಂಗಳುಗಟ್ಟಲೆ ಕೆತ್ತಿದ ಪೆಟ್ಟಿಗೆಯಲ್ಲಿ ಹೀಗಾದರೆ ಏನು ಗತಿ! ಅಜ್ಜ ಸ್ಕ್ರೂ ದಪ್ಪ ಮಾಡಲಿಲ್ಲ. ಅದೇ ಅಳತೆಯ, ಅದೇ ಥ್ರೆಡ್ಡಿನ (ಮೈಮೇಲಿನ ಸುರುಳಿ ಗೆರೆಯ) ಒಂದು ಕಬ್ಬಿಣದ ಸ್ಕ್ರೂ ಮಾಡಿ ಪ್ರತಿ ಡಜನ್ ಹಿತ್ತಾಳೆ ಸ್ಕ್ರೂ ಜೊತೆ ಪುಕ್ಕಟೆ ಕೊಡತೊಡಗಿದ. ಮೊದಲು ತೂತು ಕೊರೆದು ಕಬ್ಬಿಣದ್ದನ್ನು ತಿರುಗಿಸಿ ಒಳಗೆ ದಾರಿ ಮಾಡಬೇಕು. ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಚೂರು ಮೇಣ ಸವರಿ ಹಾಕಬೇಕು. ಬೆಣ್ಣೆಯಲ್ಲಿ ಹೋದಹಾಗೆ ಹೋಗುತ್ತದೆ. ಅನುಭವ ಇರುವ ಬಡಗಿಗಳಿಗೆ ಇದು ಗೊತ್ತಿರುವ ಉಪಾಯವೇ. ಆದರೆ ಆ ಒಂದು ಸ್ಕ್ರೂವನ್ನು ಪೊಟ್ಟಣದೊಳಗೇ ಹಾಕಿ ಕೊಟ್ಟವನು ನಮ್ಮಜ್ಜ.

ಅವತ್ತಿನಿಂದ ಯಾರೇ ಬಂದು ಸ್ಕ್ರೂ ಕೇಳಲಿ, ಅಜ್ಜ ಅಳತೆ ಕೇಳುವ ಮೊದಲು ಒಂದು ಮಾತು ಕೇಳುತ್ತಿದ್ದ. “ಎಲ್ಲಿಗೆ ಹಾಕೂಕೆ?”

ಇನ್ನೊಂದು ಚೀಟಿ ಶಿರಸಿ ಕಡೆಯ ಅಡಿಕೆ ತೋಟದ ಹೆಗಡೇರದ್ದು. ಅಡಿಕೆ ಬೇಯಿಸಿದ ಚೊಗರು ಇಳಿಸುವ ಮರದ ದೋಣಿಗೆ ಕಬ್ಬಿಣದ ಸ್ಕ್ರೂ ಒಯ್ದಿದ್ದರು. ಒಂದೇ ಹಂಗಾಮಿಗೆ ಸ್ಕ್ರೂ ಸುತ್ತ ಮರವೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪು. ಚೊಗರಿನಲ್ಲಿ ಟ್ಯಾನಿನ್ ಅನ್ನುವ ಒಗರು ಇದೆ. ಅದು ಕಬ್ಬಿಣಕ್ಕೆ ತಾಗಿದರೆ ಶಾಯಿಯೇ ಆಗುತ್ತದೆ. ಹಳೇ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಅಜ್ಜನಿಗೆ ಟ್ಯಾನಿನ್ ಅನ್ನುವ ಹೆಸರು ಗೊತ್ತಿರಲಿಲ್ಲ. ಚೀಟಿಯಲ್ಲಿ ‘ಚೊಗರಿಗೆ ಕಬ್ಬಿಣ ಬೇಡ’ ಅಂತಿದೆ. ಅಷ್ಟು ಸಾಕಲ್ಲ.

ಅಪ್ಪನ ಕಾಲಕ್ಕೆ ಕೈಯಲ್ಲಿ ಕಡೆದು ಹೊಟ್ಟೆ ತುಂಬುತ್ತಿರಲಿಲ್ಲ. ಅಪ್ಪ ಬೆಳಗಾವಿ ಉದ್ಯಮಬಾಗಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ಹೆಡಿಂಗ್ ಮಷಿನ್ ತಂದ. ಲಾರಿ ದೇವಿಮನೆ ಘಟ್ಟ ಇಳಿಯುವಾಗ ಹಗ್ಗ ಸಡಿಲಾಗಿ ಮಷಿನ್ ಒಂದು ಬದಿಗೆ ಜಾರಿತ್ತಂತೆ. ಅಪ್ಪ ಲಾರಿ ಹಿಂದೆಯೇ ಕೂತು, ಆ ಎರಡು ಟನ್ ಕಬ್ಬಿಣಕ್ಕೆ ಬೆನ್ನು ಕೊಟ್ಟುಕೊಂಡು ಕುಮಟಾದವರೆಗೆ ಬಂದನಂತೆ. ಆಯಿ ಇವತ್ತಿಗೂ ಇದನ್ನು ಹೇಳಿ ಬಯ್ಯುತ್ತಾಳೆ. “ಅದು ಬೀಳೂದಾಗಿದ್ರೆ ನಿಂಗಳ ಬೆನ್ನಿಗೆ ನಿಲ್ಲತಿತ್ತಾ?”

ಮಷಿನಿನ ಕೆಲಸ ನೋಡಲು ಚೆಂದ. ತಂತಿಯ ಸುರುಳಿ ಒಂದು ಕಡೆಯಿಂದ ಒಳಗೆ ಹೋಗುತ್ತದೆ. ಅಳತೆಗೆ ತುಂಡಾಗುತ್ತದೆ. ತುದಿಗೆ ಎರಡು ಪೆಟ್ಟು. ಮೊದಲ ಪೆಟ್ಟಿಗೆ ತುದಿ ಮೊಗ್ಗಿನ ಹಾಗೆ ಉಬ್ಬುತ್ತದೆ, ಎರಡನೆಯದಕ್ಕೆ ತಲೆ ಕೂರುತ್ತದೆ. ಬಿಸಿ ಮಾಡುವುದೇ ಇಲ್ಲ, ತಣ್ಣಗಿನ ತಂತಿಯನ್ನೇ ಬಡಿಯುವುದು. ನಮ್ಮ ಮಷಿನ್ ನಿಮಿಷಕ್ಕೆ 80 ಬಡಿಯುತ್ತದೆ. ಆಮೇಲೆ ಥ್ರೆಡ್ ರೋಲಿಂಗ್. ಎರಡು ಚಪ್ಪಟೆ ಡೈ, ಅಂದರೆ ಗೆರೆ ಕೊರೆದ ಉಕ್ಕಿನ ಅಚ್ಚು. ಒಂದು ಕದಲದೆ ನಿಂತಿರುತ್ತದೆ, ಇನ್ನೊಂದು ಓಡುತ್ತದೆ, ನಡುವೆ ತುಂಡು ಉರುಳುತ್ತದೆ. ಮನೆಯಲ್ಲಿ ಆಯಿ ಅಂಗೈ ನಡುವೆ ಬತ್ತಿ ಹೊಸೆಯುತ್ತಾಳಲ್ಲ, ಥೇಟ್ ಹಾಗೆ. ಲೇತಿನಲ್ಲಿ ಲೋಹ ಕೆತ್ತಿ ಹೋಗುತ್ತದೆ. ಇಲ್ಲಿ ಏನೂ ಕೆತ್ತುವುದಿಲ್ಲ. ತಗ್ಗಾದ ಜಾಗದ ಲೋಹವೇ ಪಕ್ಕಕ್ಕೆ ಎದ್ದು ಥ್ರೆಡ್ ಆಗುತ್ತದೆ. ಹಾಗಾಗಿ ಅಜ್ಜನ ಸ್ಕ್ರೂ ಮತ್ತು ಅಪ್ಪನ ಸ್ಕ್ರೂ ಪಕ್ಕದಲ್ಲಿಟ್ಟರೆ ಕುತ್ತಿಗೆ ನೋಡಿಯೇ ಹೇಳಬಹುದು. ಅಜ್ಜನದ್ದು ಥ್ರೆಡ್ಡಿನಷ್ಟೇ ದಪ್ಪ, ಅಪ್ಪನದ್ದು ಸಪೂರ.

ಕೊನೆಗೆ ಎಣ್ಣೆ ಜಿಡ್ಡು ತೆಗೆಯಲು ಮರದ ಹುಡಿ ಜೊತೆ ಪೀಪಾಯಿಯಲ್ಲಿ ಹಾಕಿ ತಿರುಗಿಸುವುದು. ನನ್ನ ಬಾಲ್ಯದ ವಾಸನೆ ಯಾವುದು ಅಂತ ಕೇಳಿದರೆ ಅದೇ. ಮರದ ಹುಡಿ, ಎಣ್ಣೆ, ಹೊರಗಿಂದ ಒಣಮೀನು.

ಮಳೆಗಾಲ ಮಾತ್ರ ನರಕ. ಸಮುದ್ರ ಪಕ್ಕದಲ್ಲೇ. ಜೂನ್ ಬಂತೆಂದರೆ ತಂತಿ ಸುರುಳಿಗೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು. ಸತು ಲೇಪದ ಸ್ಕ್ರೂ ಪೊಟ್ಟಣ ತೆರೆದಿಟ್ಟರೆ ಮೊದಲು ಬಿಳಿ ಹುಡಿ ಬರುತ್ತದೆ, ಆಮೇಲೆ ಕೆಂಪು. ಬಿಳಿ ಕಂಡಾಗಲೇ ಎಚ್ಚರ ಆಗಬೇಕು. ಸತು ತಾನು ಸತ್ತು ಕಬ್ಬಿಣವನ್ನು ಕಾಯುತ್ತಿದೆ ಅಂತ ಅರ್ಥ.

ಕೊಂಕಣ ರೈಲಿನ ಕೆಲಸ, ಕೈಗಾದ ಕೆಲಸ ನಡೆಯುತ್ತಿದ್ದ 90ರ ದಶಕದಲ್ಲಿ ಜಿಲ್ಲೆಯಲ್ಲಿ ಮನೆ, ಕ್ವಾರ್ಟರ್ಸ್ ಜಾಸ್ತಿ ಎದ್ದವು. ಬಾಗಿಲು, ಕಿಟಕಿ, ಚೌಕಟ್ಟು. ನಮಗೂ ನಾಲ್ಕು ಕಾಸು ಆಯಿತು. ಆಮೇಲೆ ಲೂಧಿಯಾನಾ, ರಾಜಕೋಟದ ಮಾಲು ಅಗ್ಗಕ್ಕೆ ಬರತೊಡಗಿತು. ರೇಟಿನಲ್ಲಿ ಅವರ ಜೊತೆ ಗುದ್ದಾಡಲು ಸಾಧ್ಯವಿಲ್ಲ. ನಮ್ಮದು ಉಳಿದದ್ದು ವಿಚಿತ್ರ ಅಳತೆಗಳ ಮೇಲೆ. ಬೇರೆಲ್ಲೂ ಸಿಗದ್ದು ಇಲ್ಲಿ ಸಿಗುತ್ತದೆ ಅಂತ ಜನ ಬರುತ್ತಿದ್ದರು.

ಅಪ್ಪನ ಚೀಟಿಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಅಕ್ಕಿ ಗಿರಣಿಯದ್ದು. ಗಿರಣಿಯ ಯಂತ್ರ ಹಳೇ ಇಂಗ್ಲಿಷ್ ಕಾಲದ್ದು. ಕಾಲಿಂಚಿನ ಬೋಲ್ಟು ಬೇಕು ಅಂದರು, ಅಂಗಡಿಯಲ್ಲಿದ್ದ ಹುಡುಗ ಆರು ಎಂಎಂನದ್ದು ಕೊಟ್ಟು ಕಳಿಸಿದ. ನೋಡಲು ಹೆಚ್ಚುಕಮ್ಮಿ ಒಂದೇ. ಆದರೆ ವಿಟ್‌ವರ್ತ್, ಅಂದರೆ ಹಳೇ ಇಂಗ್ಲಿಷ್ ಅಳತೆಯ ಕಾಲಿಂಚಿಗೆ ಇಂಚಿಗೆ 20 ಸುತ್ತು, ಆರು ಎಂಎಂಗೆ ಸುಮಾರು 25. ಥ್ರೆಡ್ಡಿನ ಕೋನವೂ ಬೇರೆ, ಅದರದ್ದು 55 ಡಿಗ್ರಿ, ಇದರದ್ದು 60. ಮೊದಲ ಎರಡು ಸುತ್ತು ಗಡಗಡ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಗಿರಣಿಯವರು ಉದ್ದ ಪಾನಾ ಹಾಕಿ ಎಳೆದಿದ್ದಾರೆ. ನಮ್ಮ ದೇಶ 1956ರಲ್ಲೇ ಮೆಟ್ರಿಕ್ ಕಾನೂನು ಮಾಡಿತು, ಯಂತ್ರಗಳಿಗೆ ಅದು ಇನ್ನೂ ತಲುಪಿಲ್ಲ ಅಂತ ಅಪ್ಪನ ತಮಾಷೆ. ಚೀಟಿಯಲ್ಲಿ ಬರೆದದ್ದು: ‘ಗಿರಣಿ ಎಷ್ಟು ಹಳೇದು ಅಂತ ಕೇಳಬೇಕಿತ್ತು.’

ಇನ್ನು ನನ್ನ ಪಾಳಿ.

ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಮನೆಗೆ ಬಂದೆ. ಬಂದವನೇ ಎಲ್ಲ ಸರಿ ಮಾಡಲು ಹೊರಟೆ. ಅಳತೆ ನೋಡುವ ಗೇಜ್ ತಂದೆ, ಸ್ಟಾಕಿಗೆ ನಂಬರ್ ಹಾಕಿದೆ, ವಾಟ್ಸಾಪಿನಲ್ಲಿ ಆರ್ಡರ್ ಫಾರ್ಮ್ ಮಾಡಿದೆ. ನಂಬರ್ (ಅಂದರೆ ದಪ್ಪ), ಉದ್ದ, ಲೋಹ, ಎಷ್ಟು ಗ್ರೋಸ್ (ಒಂದು ಗ್ರೋಸ್ ಅಂದರೆ 12 ಡಜನ್). ನಾಲ್ಕೇ ಸಾಲು. ಅಪ್ಪ ಫೋನಿನಲ್ಲಿ ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಹರಟುತ್ತಿದ್ದ ಕೆಲಸ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಫಾರ್ಮಿನ ಬಗ್ಗೆ ನನಗೆ ಭಾರೀ ಹೆಮ್ಮೆ. ಡಬ್ಬಿಯ ಮೇಲೆ ಧೂಳು ಕೂತಿತು.

ಹೊನ್ನಾವರ ಕಡೆ ದೋಣಿ ಕಟ್ಟುವ ಆಚಾರ್ರು ಒಬ್ಬರು ನಮ್ಮ ಹಳೇ ಗಿರಾಕಿ. ಈ ಕರಾವಳಿಯ ಹಳೇ ದೋಣಿಗಳಿಗೆ ಮೊಳೆಯೇ ಇರುತ್ತಿರಲಿಲ್ಲ. ತೆಂಗಿನ ನಾರಿನ ಹುರಿಯಲ್ಲಿ ಹಲಗೆಗೆ ಹಲಗೆ ಹೊಲಿಯುತ್ತಿದ್ದರು. ಈಗ ಹೆಚ್ಚಿನದು ಫೈಬರ್. ಮರದ ದೋಣಿ ಕಟ್ಟುವವರೇ ಕಮ್ಮಿ, ಅವರಲ್ಲಿ ಇವರೊಬ್ಬರು. ಆಚಾರ್ರಿಗೆ ಮಂಡಿನೋವು ಬಂದು ಮಗ ಕೆಲಸ ನೋಡಿಕೊಳ್ಳತೊಡಗಿದ್ದ. ಅವನು ಫಾರ್ಮ್ ತುಂಬಿದ: 10 ನಂಬರ್, 2 ಇಂಚು, ಹಿತ್ತಾಳೆ, 5 ಗ್ರೋಸ್. ಅಂದರೆ 720 ಸ್ಕ್ರೂ. ಗೇಜಿನಲ್ಲಿ ನೋಡಿ, ಎಣಿಸಿ, ಅವತ್ತೇ ಬಸ್ಸಿಗೆ ಹಾಕಿದೆ.

ಎರಡು ವರ್ಷದ ಮೇಲೆ, ಜೂನ್ ತಿಂಗಳು. ಮೀನುಗಾರಿಕೆಗೆ 61 ದಿನದ ರಜೆ, ದೋಣಿಗಳೆಲ್ಲ ದಡಕ್ಕೆ ಬಂದು ರಿಪೇರಿ ನಡೆಯುವ ಹೊತ್ತು. ಆಚಾರ್ರೇ ಬಂದರು, ಕೋಲೂರಿಕೊಂಡು. ಕೂತರು. ನೀರು ಕುಡಿದರು. ಅಂಗಿ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಟೇಬಲ್ ಮೇಲೆ ಬಿಚ್ಚಿದರು.

ಹಳದಿ ಇರಬೇಕಾದ ಸ್ಕ್ರೂ ಕೆಂಪಗಿತ್ತು. ತೊಳೆದ ತಾಮ್ರದ ತಂಬಿಗೆಯ ಬಣ್ಣ. ಆಕಾರ ಹಾಗೇ ಇದೆ, ಥ್ರೆಡ್ ಹಾಗೇ ಇದೆ. ನಾನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದೆ. ಬಿಸ್ಕತ್ತಿನ ಹಾಗೆ ಮುರಿಯಿತು. ಒಳಗೂ ಕೆಂಪು, ತುಂಬ ಸಣ್ಣ ತೂತು ತೂತು.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಮುಳುಗಿದ್ದರೆ ಸತು ಕರಗಿ ಹೊರಟುಹೋಗುತ್ತದೆ. ಉಳಿಯುವುದು ತಾಮ್ರದ ಬೆಂಡು, ಶಕ್ತಿಯೇ ಇಲ್ಲದ್ದು. ಕ್ಲಾಸಿನಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ನೀರಿನ ಕೆಳಗಿನ ಹಲಗೆಗೆ ಹಾಕಬೇಕಾದದ್ದು ಸಿಲಿಕಾನ್ ಕಂಚು. ತಾಮ್ರಕ್ಕೆ ಸುಮಾರು ನೂರಕ್ಕೆ ಮೂರು ಪಾಲು ಸಿಲಿಕಾನ್ ಸೇರಿಸಿದ್ದು. ಸ್ಟೇನ್‌ಲೆಸ್ ಸ್ಟೀಲ್ ಅಂದುಕೊಳ್ಳುತ್ತಾರೆ ಬಹಳ ಜನ. ನೆನೆದ ಮರದೊಳಗೆ ಗಾಳಿ ಸಿಗದೆ ಅದೂ ಸಂದಿಯಲ್ಲಿ ತುಕ್ಕು ಹಿಡಿದು ತೂತಾಗುತ್ತದೆ. ನೀರಿನ ಮೇಲಿನ ಭಾಗಕ್ಕೆ 316 ನಂಬರಿನ ಸ್ಟೇನ್‌ಲೆಸ್ ಸರಿ, ಕೆಳಗೆ ಕಂಚೇ.

ನನ್ನ ಬಾಯಿಂದ ಮೊದಲು ಬಂದ ಮಾತು ಮಾತ್ರ ಬೇರೆ. “ನಿಮ್ಮ ಮಗನೇ ಹಿತ್ತಾಳೆ ಅಂತ ಬರೆದಿದ್ದು ಆಚಾರ್ರೇ. ಮೆಸೇಜ್ ಇದೆ, ತೋರಿಸ್ಲಾ?”

ಆಚಾರ್ರು ನನ್ನ ಕಡೆ ನೋಡಲೇ ಇಲ್ಲ, ಅಪ್ಪನ ಕಡೆ ನೋಡಿದರು. “ಬರ್ದಿದ್ದು ಹೌದು ಮಾರಾಯಾ. ಅವಂಗೆ ಗೊತ್ತಿಲ್ಲ. ನಾ ಬರೂದಾಗಿದ್ರೆ ನೀನು ಕೇಳ್ತಿದ್ದೆ, ನಾ ಹೇಳ್ತಿದ್ದೆ.”

ಪುಣ್ಯಕ್ಕೆ ಹಲಗೆ ಸಡಿಲಾದದ್ದು ದಡದಲ್ಲಿ ಗೊತ್ತಾಯಿತು. ಅಳಿವೆಯಲ್ಲಿ ಆಗಿದ್ದರೆ ಅಂತ ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರು ಹೋದ ಮೇಲೆ ಅಪ್ಪ ಡಬ್ಬಿ ಇಳಿಸಿದ. ಪಂಚೆ ತುದಿಯಲ್ಲಿ ಧೂಳು ಒರೆಸಿದ. ಮುರಿದ ಸ್ಕ್ರೂವಿಗೆ ದಾರ ಸುತ್ತಿ, “ಚೀಟಿ ನೀನೇ ಬರಿ” ಅಂದ. ನಾನು ಬರೆದೆ: ‘ದೋಣಿ. ನೀರಿನ ಕೆಳಗೆ. ಹಿತ್ತಾಳೆ. ಗಿರಾಕಿ ಕೇಳಿದ್ದನ್ನೇ ಕೊಟ್ಟದ್ದು.’ ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಪೆನ್ನು ತಗೊಂಡು ಕೊನೇ ಸಾಲು ಹೊಡೆದು ಹಾಕಿ ಪಕ್ಕದಲ್ಲಿ ‘ನಾವು ಕೇಳಲಿಲ್ಲ’ ಅಂತ ಬರೆದ. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಕಂಚಿನ ತಂತಿ ಮುಂಬಯಿಯಿಂದ ತರಿಸಿ ಆ 720 ಸ್ಕ್ರೂ ಮಾಡಿ ಕಳಿಸಿದೆವು, ದುಡ್ಡು ತಗೊಳ್ಳಲಿಲ್ಲ. ಲೆಕ್ಕದಲ್ಲಿ ಆ ವರ್ಷದ ಲಾಭದ ಒಳ್ಳೇ ಪಾಲು ಅದಕ್ಕೇ ಹೋಯಿತು. ನನ್ನ ಹೆಂಡತಿ ಲೆಕ್ಕ ಬರೆಯುವವಳು, ಅವಳಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಅರ್ಧ ತಪ್ಪು ಅವರದ್ದೂ ಅಲ್ವಾ ಅನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ.

ಫಾರ್ಮ್ ಬಿಟ್ಟಿಲ್ಲ, ಅದು ಒಳ್ಳೇದೇ. ನಾಲ್ಕು ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸಿದೆ, ಎಲ್ಲಕ್ಕಿಂತ ಮೊದಲು: ‘ಎಲ್ಲಿಗೆ ಹಾಕೂಕೆ?’ ಸುಮ್ನೆ ‘ಮರಕ್ಕೆ’ ಅಂತ ಬರೆಯುವವರೇ ಜಾಸ್ತಿ. ಒಬ್ಬರು ‘ನಿಮಗ್ಯಾಕೆ?’ ಅಂತ ಬರೆದಿದ್ದರು. ‘ಮರಕ್ಕೆ’ ಅಂದವರಿಗೆ ಫೋನ್ ಮಾಡುತ್ತೇನೆ. ಯಾವ ಮರ, ಒಳಗೋ ಹೊರಗೋ, ಮಳೆ ಬೀಳುತ್ತದೋ. ಹದಿನೈದು ನಿಮಿಷ ಹೋಗುತ್ತದೆ. ಅಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುವವನ ಹಾಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಾನೆ.

ಹೋದ ತಿಂಗಳು ಆಚಾರ್ರ ಮಗನಿಂದ ಆರ್ಡರ್ ಬಂತು. ನಂಬರ್, ಉದ್ದ ಬರೆದಿದ್ದ. ಲೋಹದ ಸಾಲು ಖಾಲಿ. ಮೊದಲ ಸಾಲಿನಲ್ಲಿ ‘ನೀರೊಳಗೆ. ನೀವೇ ಹೇಳಿ’ ಅಂತಿತ್ತು. ಫೋನ್ ಮಾಡಿ ಕಂಚಿನ ಈಗಿನ ರೇಟು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

“ಮೊದ್ಲು ಅರ್ಧ ಗ್ರೋಸ್ ಕಳ್ಸಿ” ಅಂದ. “ಉಳಿದದ್ದು ಅಪ್ಪನ ಹತ್ರ ಕೇಳಿ ಹೇಳ್ತೆ.”