ಡೇರಿ ಕ್ಯೂನಲ್ಲಿ ನೆನಪಾಗಿದ್ದು

ಬೆಳಿಗ್ಗೆ ಅಮ್ಮನ ಜೊತೆ ಡೇರಿಗೆ ಹಾಲು ಹಾಕೋಕೆ ಹೋಗಿದ್ದೆ. ಕ್ಯೂನಲ್ಲಿ ಹೆಚ್ಚಿನವರು ಹೆಂಗಸರೇ. ಒಬ್ಬೊಬ್ಬರ ಕ್ಯಾನಲ್ಲಿ ಮೂರು ಲೀಟರು, ಐದು ಲೀಟರು. ಚೀಟಿಯಲ್ಲಿ ಫ್ಯಾಟ್ 4.1 ಅಂತ ಬಂದಿದ್ದು ನೋಡಿ ಅಮ್ಮನ ಮುಖ ಅರಳಿತು. "ಹಿಂಡಿ ಬದಲಾಯಿಸಿದ್ದು ಹಸುವಿಗೆ ಹಿಡಿಸಿದೆ ಕಣೆ" ಅಂದಳು.

ಅಲ್ಲಿ ನಿಂತಾಗ 2019 ನೆನಪಾಯ್ತು. ಸುಂಕ ಇಳಿಸಿ ದೇಶ ದೇಶಗಳ ನಡುವೆ ಸರಕು ಓಡಾಡಲು ಬಿಡುವ ಆರ್‌ಸಿಇಪಿ ಅನ್ನೋ ವ್ಯಾಪಾರ ಒಪ್ಪಂದಕ್ಕೆ ಭಾರತ ಸಹಿ ಹಾಕುತ್ತೆ ಅಂತ ಸುದ್ದಿ. ಅದರಲ್ಲಿ ಆಗ್ನೇಯ ಏಷ್ಯಾದ ಕೂಟ ಆಸಿಯಾನ್‌ನ ಆಗಿನ 10 ದೇಶಗಳ ಜೊತೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಮ್ಮವರಿಗೆ ದಿಗಿಲು ಹುಟ್ಟಿಸಿದ್ದು ಆ ಕೊನೇ ಹೆಸರು. ಅರ್ಧ ಬೆಂಗಳೂರಿನಷ್ಟೂ ಜನ ಇಲ್ಲದ ದೇಶ ಅದು, ಕರೆದ ಹಾಲಿನ ಬಹುಪಾಲನ್ನ ಹೊರಗೇ ಮಾರಬೇಕು. ಅಲ್ಲಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದಿಳಿದರೆ ಅಮ್ಮನ ಮೂರು ಲೀಟರಿಗೆ ಯಾವ ರೇಟು ಉಳಿದೀತು?

ರೈತಸಂಘ, ಎಡಪಕ್ಷಗಳು, ಕಾಂಗ್ರೆಸ್, ಕೊನೆಗೆ ಆರ್‌ಎಸ್‌ಎಸ್ ಬಳಗದ ಸ್ವದೇಶಿ ಜಾಗರಣ ಮಂಚ್ ಕೂಡ ಬೇಡ ಅಂದವು. ಎಂದೂ ಒಂದೇ ಸಾಲಲ್ಲಿ ನಿಲ್ಲದವರು! ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಪ್ರಧಾನಿ ಸೇರಲ್ಲ ಅಂದರು. ಮರುವರ್ಷ ಉಳಿದ 15 ದೇಶಗಳು ಸಹಿ ಹಾಕಿಕೊಂಡವು.

ವ್ಯಾಪಾರವೇ ಬೇಡ ಅನ್ನೋಳಲ್ಲ ನಾನು. ನಮ್ಮ ಕಾಫಿ ಹೊರದೇಶಕ್ಕೆ ಹೋಗಿಯೇ ಎಷ್ಟೋ ಮನೆ ನಡೀತಿವೆ. ಆದರೆ ಇಂಥ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯ ಇಲ್ಲ, ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತೆ. ಅದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ಹಸು ಕಟ್ಟಿದವಳನ್ನ ಒಂದು ಮಾತು ಕೇಳಬಾರದಾ?

ಅಮ್ಮ ಚೀಟಿ ಮಡಚಿ ಸೆರಗಿನ ಗಂಟಿಗೆ ಸೇರಿಸಿದಳು. ಶನಿವಾರ ಬಟವಾಡೆ.